ರನ್‌ವೇಗೆ ಹತ್ತಿರದ ಊರು, ಕಾಕ್‌ಪಿಟ್‌ಗೆ ದೂರದ ದಾರಿ

2025ರ ಡಿಸೆಂಬರ್ ಮೊದಲ ವಾರದಲ್ಲಿ ದೇಶದ ವಿಮಾನ ನಿಲ್ದಾಣಗಳು ಜಾತ್ರೆಯ ಮರುದಿನದ ಬಸ್ ನಿಲ್ದಾಣಗಳಂತೆ ಕಂಡವು. ಇಂಡಿಗೊ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾದವು. ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ದಿಕ್ಕು ತೋಚದೆ ಕುಳಿತರು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿ, ರಾತ್ರಿ ವೇಳೆ ವಿಮಾನ ಇಳಿಸುವುದಕ್ಕೆ ಕಟ್ಟುನಿಟ್ಟಿನ ಮಿತಿ ಹೇರಿದ ಹೊಸ ನಿಯಮಕ್ಕೆ ದೇಶದ ಅತಿ ದೊಡ್ಡ ವಿಮಾನಯಾನ ಸಂಸ್ಥೆ ತಕ್ಕ ಸಿದ್ಧತೆ ಮಾಡಿಕೊಂಡಿರಲಿಲ್ಲ. ಕೊನೆಗೆ ನಿಯಮವನ್ನೇ ತಾತ್ಕಾಲಿಕವಾಗಿ ಸಡಿಲಿಸಬೇಕಾಯಿತು.

ಇದರೊಡನೆ ಹಳೆಯ ಮಾತೊಂದು ಮತ್ತೆ ಚಾಲ್ತಿಗೆ ಬಂದಿತು: ದೇಶದಲ್ಲಿ ಪೈಲಟ್‌ಗಳ ಕೊರತೆಯಿದೆ, ಪೈಲಟ್ ಆಗಲು ಇದೇ ಸಕಾಲ. ಮೇಲ್ನೋಟಕ್ಕೆ ಅಂಕಿ ಅಂಶಗಳೂ ಇದನ್ನೇ ಹೇಳುತ್ತವೆ. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳ ಖರೀದಿಯನ್ನು ಪ್ರಕಟಿಸಿತು. ಅದೇ ವರ್ಷದ ಜೂನ್‌ನಲ್ಲಿ ಇಂಡಿಗೊ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಮುಂದಿನ 15–20 ವರ್ಷಗಳಲ್ಲಿ ದೇಶಕ್ಕೆ 30 ಸಾವಿರ ಪೈಲಟ್‌ಗಳು ಬೇಕಾಗುತ್ತಾರೆ ಎಂದು ಕೇಂದ್ರ ನಾಗರಿಕ ವಿಮಾನಯಾನ ಸಚಿವರು 2025ರಲ್ಲಿ ಹೇಳಿದ್ದರು. ಇದನ್ನೆಲ್ಲ ಕೇಳಿ ಪಿಯುಸಿ ಓದುವ ಮಕ್ಕಳೂ ಅವರ ಹೆತ್ತವರೂ ಆಸೆಪಟ್ಟರೆ ತಪ್ಪಿಲ್ಲ. ಆದರೆ ಆ ಆಸೆಯ ಬೆಲೆಯನ್ನು ತೆರುವವರು ಯಾರು, ಅದು ಈಡೇರದಿದ್ದರೆ ನಷ್ಟ ಹೊರುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಅದನ್ನು ಕೇಳಲು ವಿಮಾನ ನಿಲ್ದಾಣದ ನೆರೆಹೊರೆಯ ಹಳ್ಳಿಗಳಿಗಿಂತ ತಕ್ಕ ಜಾಗ ಇನ್ನೊಂದಿಲ್ಲ.

ದೇವನಹಳ್ಳಿಯಿಂದ ಉತ್ತರಕ್ಕೆ, ಚಿಕ್ಕಬಳ್ಳಾಪುರದ ಹೆದ್ದಾರಿಯಲ್ಲಿ ಸಿಗುವ ಆವತಿಯನ್ನೇ ತೆಗೆದುಕೊಳ್ಳೋಣ. ಹದಿನೈದನೆಯ ಶತಮಾನದಲ್ಲಿ ಕಂಚಿಯ ಕಡೆಯಿಂದ ಬಂದು ಇಲ್ಲಿ ನೆಲೆನಿಂತ ರಣಭೈರೇಗೌಡನ ಪರಿವಾರದಿಂದಲೇ ಈ ಸೀಮೆಯ ನಾಡಪ್ರಭುಗಳ ಕವಲುಗಳು ಹುಟ್ಟಿದವು ಎಂಬುದು ಪರಂಪರೆಯ ನಂಬಿಕೆ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಮನೆತನದ ಬೇರನ್ನೂ ಇಲ್ಲಿಯೇ ಗುರುತಿಸಲಾಗುತ್ತದೆ. ಎಂದರೆ, 2008ರ ಮೇ 24ರಂದು ಕಾರ್ಯಾರಂಭ ಮಾಡಿ 2013ರಲ್ಲಿ ಕೆಂಪೇಗೌಡರ ಹೆಸರು ಪಡೆದ ವಿಮಾನ ನಿಲ್ದಾಣದ ಹೆಸರಿನ ಮೂಲ ಈ ಹಳ್ಳಿಯಲ್ಲಿದೆ. 2022ರಲ್ಲಿ ಅಲ್ಲಿ 108 ಅಡಿಯ ಪ್ರತಿಮೆಯೂ ನಿಂತಿತು. ಹೆಸರು ಊರಿನದು, ನೆಲ ತಾಲೂಕಿನದು. ಸುಮಾರು 4,000 ಎಕರೆಯ ಈ ನಿಲ್ದಾಣದ ಮೂಲಕ 2024–25ರಲ್ಲಿ ನಾಲ್ಕು ಕೋಟಿಗೂ ಹೆಚ್ಚು ಪ್ರಯಾಣಿಕರು ಸಾಗಿದರು. ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ವಿಮಾನವೆಂಬುದು ಅಚ್ಚರಿಯಾಗಿ ಉಳಿದಿಲ್ಲ, ದಿನನಿತ್ಯದ ನೋಟ. ಆದರೆ ಆ ವಿಮಾನದ ಮುಂಭಾಗದ ಎರಡು ಆಸನಗಳಲ್ಲೊಂದರಲ್ಲಿ ಕೂರುವುದು ಎಷ್ಟು ದೂರದ ಮಾತು ಎಂಬುದನ್ನು ಲೆಕ್ಕ ಹಾಕಿ ನೋಡಬೇಕು.

ಕಾಗದದ ಮೇಲಿನ ಅರ್ಹತೆಗಳು ಅಂಥ ದುಸ್ಸಾಧ್ಯವಾದವುಗಳೇನಲ್ಲ. ಹದಿನೆಂಟು ವರ್ಷ ತುಂಬಿರಬೇಕು. ಈವರೆಗಿನ ನಿಯಮದಂತೆ ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿ ತೇರ್ಗಡೆಯಾಗಿರಬೇಕು. ಕಲಾ, ವಾಣಿಜ್ಯ ವಿಭಾಗದವರಿಗೂ ಅವಕಾಶ ಕೊಡುವ ಆಲೋಚನೆ 2025ರಲ್ಲಿ ಚರ್ಚೆಗೆ ಬಂದಿತು; ಅಂಥವರು ಮುಕ್ತ ಶಾಲೆಯ ಮೂಲಕ ಈ ಎರಡು ವಿಷಯಗಳನ್ನು ಮುಗಿಸಿಕೊಂಡು ಬರುವ ದಾರಿ ಮೊದಲಿನಿಂದಲೂ ಇದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನಡೆಸುವ ವಾಯು ಸಂಚಾರ ನಿಯಮ, ಪಥ ನಿರ್ಣಯ, ಹವಾಮಾನ, ವಿಮಾನ ತಾಂತ್ರಿಕತೆ ಮೊದಲಾದ ಪತ್ರಿಕೆಗಳಲ್ಲಿ ತಲಾ ಶೇ 70 ಅಂಕ ಗಳಿಸಬೇಕು. ರೇಡಿಯೊ ಸಂವಹನದ ಪ್ರತ್ಯೇಕ ಪರೀಕ್ಷೆಯೂ ಉಂಟು. ಒಟ್ಟು 200 ಗಂಟೆ ಹಾರಾಟ ನಡೆಸಿರಬೇಕು, ಅದರಲ್ಲಿ 100 ಗಂಟೆ ವಿಮಾನದ ಪೂರ್ಣ ಹೊಣೆ ತಾನೇ ಹೊತ್ತಿರಬೇಕು. ಕನಿಷ್ಠ 300 ನಾಟಿಕಲ್ ಮೈಲಿಯ ಒಂದು ದೂರ ಪ್ರಯಾಣ ಮಾಡಿ, ದಾರಿಯಲ್ಲಿ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದಿರಬೇಕು. ರಾತ್ರಿ ಹಾರಾಟ, ಹೊರಗಿನ ನೋಟವಿಲ್ಲದೆ ಉಪಕರಣಗಳನ್ನಷ್ಟೇ ನಂಬಿ ನಡೆಸುವ ಹಾರಾಟ, ಇವುಗಳಿಗೂ ಪ್ರತ್ಯೇಕ ಲೆಕ್ಕವಿದೆ.

ಇದೆಲ್ಲಕ್ಕೂ ಮೊದಲು ದೇಹದ ಪರೀಕ್ಷೆ. ಮೊದಲು ಎರಡನೇ ದರ್ಜೆಯದು, ಬಳಿಕ ಇನ್ನೂ ಕಠಿಣವಾದ ಮೊದಲ ದರ್ಜೆಯದು. ಕನ್ನಡಕ ಹಾಕುವವರು ಪೈಲಟ್ ಆಗಲಾರರು ಎಂಬ ತಪ್ಪು ತಿಳಿವಳಿಕೆ ಹಳ್ಳಿಗಳಲ್ಲಿ ಮಾತ್ರವಲ್ಲ, ನಗರದಲ್ಲೂ ಇದೆ. ಕನ್ನಡಕ ಅಡ್ಡಿಯಲ್ಲ, ಆದರೆ ವರ್ಣಾಂಧತೆಯಂಥ, ಬಾಲ್ಯದಲ್ಲಿ ಯಾರ ಗಮನಕ್ಕೂ ಬಾರದ ದೋಷವೊಂದು ಇಡೀ ಕನಸನ್ನು ಅಲ್ಲಿಗೇ ನಿಲ್ಲಿಸಬಲ್ಲದು. ಆದ್ದರಿಂದ ಶುಲ್ಕದ ಮೊದಲ ಕಂತು ಕಟ್ಟುವ ಮುನ್ನ ವೈದ್ಯಕೀಯ ಪರೀಕ್ಷೆ ಮುಗಿದಿರಬೇಕು. ಮೊದಲ ದರ್ಜೆಯ ಪರೀಕ್ಷೆ ನಡೆಸುವ ದೇಶದ ಕೆಲವೇ ಕೇಂದ್ರಗಳಲ್ಲಿ ಒಂದು ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ. ಅದು ಇರುವುದು ಬೆಂಗಳೂರಿನಲ್ಲೇ. ಆವತಿಯ ವಿದ್ಯಾರ್ಥಿಗೆ ಅದು ಒಂದು ಬಸ್ಸಿನ ದೂರ. ಆದರೆ ಈ ಸರಳ ಸಲಹೆಯನ್ನು ಹೇಳುವವರು ತಾಲೂಕಿನ ಪದವಿಪೂರ್ವ ಕಾಲೇಜುಗಳಲ್ಲಿ ಎಷ್ಟು ಮಂದಿ ಇದ್ದಾರೆ?

ನಿಜವಾದ ಗೋಡೆ ಎದುರಾಗುವುದು ಹಣದ ವಿಷಯದಲ್ಲಿ. ವಾಣಿಜ್ಯ ಪೈಲಟ್ ಪರವಾನಗಿಗೆ ಇಂದು ಸ್ಥೂಲವಾಗಿ 50ರಿಂದ 60 ಲಕ್ಷ ರೂಪಾಯಿ ಬೇಕು. ಪರವಾನಗಿ ಕೈಗೆ ಬಂದರೂ ಏರ್‌ಬಸ್ 320 ಅಥವಾ ಬೋಯಿಂಗ್ 737ರಂಥ ನಿರ್ದಿಷ್ಟ ಮಾದರಿಯ ವಿಮಾನ ನಡೆಸಲು ಪ್ರತ್ಯೇಕ ಅರ್ಹತೆ ಬೇಕು. ಸಿಮ್ಯುಲೇಟರ್‌ನಲ್ಲಿ ನಡೆಯುವ ಆ ತರಬೇತಿಗೆ ಮತ್ತೆ ಹತ್ತಾರು ಲಕ್ಷ. ವಿಮಾನಯಾನ ಸಂಸ್ಥೆಗಳು ತಾವೇ ಆಯ್ದು, ತರಬೇತಿ ಕೊಡಿಸಿ, ಕೆಲಸದ ಭರವಸೆ ನೀಡುವ ಕೆಡೆಟ್ ಯೋಜನೆಗಳೂ ಇವೆ. ಅಲ್ಲಿ ಒಟ್ಟು ವೆಚ್ಚ ಕೋಟಿ ರೂಪಾಯಿಯನ್ನು ಮುಟ್ಟುತ್ತದೆ, ಕೆಲವೊಮ್ಮೆ ಮೀರುತ್ತದೆ. ಅಂಥ ಒಂದು ಸಿಮ್ಯುಲೇಟರ್ ಕೇಂದ್ರವನ್ನು ಕೆನಡಾ ಮೂಲದ ಸಿಎಇ ಸಂಸ್ಥೆ ದೇವನಹಳ್ಳಿ ತಾಲೂಕಿನಲ್ಲೇ ನಡೆಸುತ್ತಿದೆ. ಅದು ಇರುವ ಜಾಗ ಹತ್ತಿರ, ಅದರ ಶುಲ್ಕ ದೂರ.

ಸಾಲ ಸಿಗುವುದಿಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಹಳ್ಳಿಯ ಕುಟುಂಬ ಸಿಕ್ಕಿಕೊಳ್ಳುವ ಇಕ್ಕಟ್ಟು ಕಾಣಿಸುತ್ತದೆ. ಸರ್ಕಾರದ ಖಾತರಿಯೊಂದಿಗೆ ಅಡಮಾನವಿಲ್ಲದೆ ದೊರೆಯುವ ಶಿಕ್ಷಣ ಸಾಲದ ಮಿತಿ ಏಳೂವರೆ ಲಕ್ಷ ರೂಪಾಯಿ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಉನ್ನತ ಶ್ರೇಯಾಂಕದ ಶಿಕ್ಷಣ ಸಂಸ್ಥೆಗಳನ್ನು ಉದ್ದೇಶಿಸಿ ರೂಪಿತವಾದದ್ದು. ಅದಕ್ಕಿಂತ ಹೆಚ್ಚಿನ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುತ್ತದೆ. ನಗರದ ಮಧ್ಯಮ ವರ್ಗದವರು ಮನೆಯನ್ನೋ ನಿವೇಶನವನ್ನೋ ಮುಂದಿಡಬಲ್ಲರು. ರೈತನ ಬಳಿ ಇರುವುದು ಕೃಷಿ ಭೂಮಿ. ಸಾಲ ತೀರದಿದ್ದರೆ ನ್ಯಾಯಾಲಯಕ್ಕೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ರೈತನ ರಕ್ಷಣೆಗೆಂದೇ ಇರುವ ಈ ವಿನಾಯಿತಿ ಇಲ್ಲಿ ಅವನಿಗೇ ತಿರುಗಿ ನಿಲ್ಲುತ್ತದೆ. ಹೊಲವನ್ನು ಅಡಮಾನವಾಗಿ ಒಪ್ಪಲು ಬ್ಯಾಂಕು ಹಿಂಜರಿಯುತ್ತದೆ, ಅಡಮಾನ ಒಪ್ಪದ ಹೊಲವನ್ನು ಮಾರಲು ಮಾತ್ರ ಸಾಧ್ಯ. ವಿಮಾನ ನಿಲ್ದಾಣ ಬಂದ ಮೇಲೆ ಈ ಭಾಗದ ಭೂಮಿಗೆ ಗಿರಾಕಿಗಳಿಗೇನೂ ಬರವಿಲ್ಲ. ದ್ರಾಕ್ಷಿ, ಚಕ್ಕೋತ, ರೇಷ್ಮೆ ಬೆಳೆದು ಬದುಕಿದ ನೆಲ ಮಗನ ಅಥವಾ ಮಗಳ ಇನ್ನೂರು ಗಂಟೆಯ ಹಾರಾಟವಾಗಿ ಕರಗಿಹೋಗಬಹುದು. ಭೂಮಿಯೇ ಇಲ್ಲದ ಕೂಲಿಕಾರರ ಮಕ್ಕಳಿಗಂತೂ ಈ ಇಕ್ಕಟ್ಟೂ ಒಂದು ಸೌಭಾಗ್ಯವೇ.

ಸಾಲ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. 60 ಲಕ್ಷ ರೂಪಾಯಿಗೆ ಶೇ 11ರ ಬಡ್ಡಿಯಲ್ಲಿ ಹತ್ತು ವರ್ಷದ ಕಂತು ತಿಂಗಳಿಗೆ 82 ಸಾವಿರ ರೂಪಾಯಿ ದಾಟುತ್ತದೆ. ಕೆಲಸ ಸಿಕ್ಕ ಸಹ ಪೈಲಟ್‌ಗೆ ಇದನ್ನು ತೀರಿಸುವುದು ಕಷ್ಟವಲ್ಲ. ಆದರೆ ಕೆಲಸ ಯಾವಾಗ ಸಿಗುತ್ತದೆ? ಪೈಲಟ್ ಕೊರತೆಯೆಂಬ ಮಾತಿನೊಳಗೆ ಅಡಗಿರುವ ದೊಡ್ಡ ಭ್ರಮೆ ಇಲ್ಲಿದೆ. ಸಂಸ್ಥೆಗಳಿಗೆ ತುರ್ತಾಗಿ ಬೇಕಾದವರು ಅನುಭವಿ ಕ್ಯಾಪ್ಟನ್‌ಗಳು. ಕ್ಯಾಪ್ಟನ್ ಆಗಲು ಬೇಕಾದ ಮೇಲ್ದರ್ಜೆಯ ಪರವಾನಗಿಗೆ ಕನಿಷ್ಠ 1,500 ಗಂಟೆಗಳ ಹಾರಾಟ ಬೇಕು. ವಾಸ್ತವದಲ್ಲಿ ಸಂಸ್ಥೆಗಳು ಕೇಳುವುದು ಇನ್ನೂ ಹೆಚ್ಚು. ಇನ್ನೂರು ಗಂಟೆ ಮುಗಿಸಿದ ಹೊಸಬರು ಆ ಕೊರತೆಯನ್ನು ತುಂಬಲಾರರು. ಅವರು ಸಹ ಪೈಲಟ್ ಹುದ್ದೆಯ ಸಾಲಿನಲ್ಲಿ ನಿಲ್ಲುವವರು. 2022ರಲ್ಲಿ ದೇಶದಲ್ಲಿ 1,165 ವಾಣಿಜ್ಯ ಪೈಲಟ್ ಪರವಾನಗಿಗಳನ್ನು ನೀಡಲಾಯಿತು, 2023ರಲ್ಲಿ 1,622. ಹೊಸಬರ ಸಾಲು ಉದ್ದವಾಗಲು ಒಂದು ವರ್ಷ ಸಾಕು. ಅವರಲ್ಲೊಬ್ಬರು ಕ್ಯಾಪ್ಟನ್ ಆಗಲು ಹಲವು ವರ್ಷ ಬೇಕು. ಆದ್ದರಿಂದಲೇ ಒಂದೇ ಹೊತ್ತಿನಲ್ಲಿ ಪೈಲಟ್‌ಗಳ ಕೊರತೆಯೂ ಪೈಲಟ್‌ಗಳ ನಿರುದ್ಯೋಗವೂ ಇರಲು ಸಾಧ್ಯ.

ಕಾಯುವ ಅವಧಿಯಲ್ಲಿ ಪರವಾನಗಿ ಪದವಿ ಪ್ರಮಾಣಪತ್ರದಂತೆ ಗೋಡೆಯ ಮೇಲೆ ಸುಮ್ಮನೆ ತೂಗಾಡುವಂಥದ್ದೂ ಅಲ್ಲ. ವೈದ್ಯಕೀಯ ಅರ್ಹತೆಯನ್ನು ಕಾಲಕಾಲಕ್ಕೆ ನವೀಕರಿಸಬೇಕು, ಉಪಕರಣ ಹಾರಾಟದ ಪರೀಕ್ಷೆಗೆ ಮತ್ತೆ ಒಳಪಡಬೇಕು, ಕೈಯ ಪಳಗು ಹೋಗದಂತೆ ಆಗಾಗ ಹಾರುತ್ತಿರಬೇಕು. ಪ್ರತಿಯೊಂದಕ್ಕೂ ಖರ್ಚು. ಇನ್ನು ಕೆಲಸ ಸಿಕ್ಕ ಮೇಲಿನ ಭದ್ರತೆಯ ಕಥೆ ಬೆಂಗಳೂರಿಗೆ ಹೊಸದೇನಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಜಕ್ಕೂರಿನ ಹೆಲಿಕಾಪ್ಟರ್ ಉದ್ಯಮದಿಂದ ಬೆಳೆದು 2003ರಲ್ಲಿ ಹಾರಿಸಿದ ಏರ್ ಡೆಕ್ಕನ್ ಐದೇ ವರ್ಷಗಳಲ್ಲಿ ಕಿಂಗ್‌ಫಿಷರ್‌ನೊಳಗೆ ಕರಗಿತು. ಬೆಂಗಳೂರಿನ ಆ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನೆಲಕಚ್ಚಿದಾಗ ಪೈಲಟ್‌ಗಳೂ ಸಿಬ್ಬಂದಿಯೂ ತಿಂಗಳುಗಟ್ಟಲೆ ಸಂಬಳವಿಲ್ಲದೆ ಉಳಿದಿದ್ದರು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಅದೇ ದಾರಿ ಹಿಡಿದವು. ಒಂದೊಂದು ಸಂಸ್ಥೆ ಮುಚ್ಚಿದಾಗಲೂ ಅನುಭವಿಗಳು ಮಾರುಕಟ್ಟೆಗೆ ಬರುತ್ತಾರೆ, ಹೊಸಬರ ಸರದಿ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ.

ಸಾರ್ವಜನಿಕ ಸಂಸ್ಥೆಗಳು ಈ ದಾರಿಯನ್ನು ಹಗುರ ಮಾಡಬಹುದು ಎಂಬುದಕ್ಕೆ ನಮ್ಮಲ್ಲಿಯೇ ನಿದರ್ಶನವಿತ್ತು. ಆವತಿಯಿಂದ ಬೆಂಗಳೂರಿಗೆ ಹೋಗುವ ಬಳ್ಳಾರಿ ರಸ್ತೆಯಲ್ಲಿ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಸಿಗುತ್ತದೆ. 1940ರ ದಶಕದ ಕೊನೆಯಲ್ಲಿ, ಜಯಚಾಮರಾಜ ಒಡೆಯರ ಕಾಲದಲ್ಲಿ ಆರಂಭವಾದ ಶಾಲೆಯದು. 1949ರಲ್ಲಿ ಅಲ್ಲಿ ತರಬೇತಿ ಪೂರೈಸಿದ ಮೊದಲ ಮಹಿಳೆ ಉಷಾ ಸುಂದರಂ. ಮುಂದೆ ಅವರು ಪತಿ ವಿ. ಸುಂದರಂ ಅವರೊಂದಿಗೆ ಡೌವ್ ಎಂಬ ಪುಟ್ಟ ವಿಮಾನವನ್ನು ಲಂಡನ್ನಿನಿಂದ ಮುಂಬೈಗೆ 27 ಗಂಟೆಗಳಲ್ಲಿ ತಂದು ದಾಖಲೆ ಬರೆದರು. ಸ್ವಾತಂತ್ರ್ಯ ಬಂದ ಎರಡೇ ವರ್ಷಗಳಲ್ಲಿ ಒಬ್ಬ ಮಹಿಳಾ ಪೈಲಟ್‌ಳನ್ನು ರೂಪಿಸಿದ ಆ ಶಾಲೆ ಇತ್ತೀಚಿನ ದಶಕಗಳಲ್ಲಿ ಸೊರಗಿತು. ತರಬೇತುದಾರರಿಲ್ಲದೆ ವರ್ಷಗಟ್ಟಲೆ ಹಾರಾಟ ನಿಂತದ್ದುಂಟು. ಎಲ್ಲಕ್ಕಿಂತ ವಿಷಾದದ ಸಂಗತಿಯೆಂದರೆ, ದೇವನಹಳ್ಳಿಯ ನಿಲ್ದಾಣಕ್ಕೆ ನಗರದ ಕಾರುಗಳು ಬೇಗ ತಲುಪಲೆಂದು ಕಟ್ಟಿದ ಎತ್ತರಿಸಿದ ರಸ್ತೆ ಜಕ್ಕೂರಿನ ರನ್‌ವೇಗೆ ಅಡ್ಡ ಬಂದು ಬಳಕೆಗೆ ಸಿಗುವ ಅದರ ಉದ್ದವನ್ನೇ ಮೊಟಕುಗೊಳಿಸಿತು. ಪ್ರಯಾಣಿಕರ ದಾರಿಗಾಗಿ ಪೈಲಟ್‌ಗಳ ಶಾಲೆ ಜಾಗ ಬಿಟ್ಟುಕೊಟ್ಟಿತು.

ರಾಜ್ಯದಲ್ಲಿ ಬೇರೆ ಪ್ರಯತ್ನಗಳು ನಡೆದಿಲ್ಲವೆಂದಲ್ಲ. 2021ರಲ್ಲಿ ವಿಮಾನ ನಿಲ್ದಾಣಗಳ ಪ್ರಾಧಿಕಾರ ತರಬೇತಿ ಸಂಸ್ಥೆಗಳಿಗೆಂದು ಆರಿಸಿದ ದೇಶದ ಐದು ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಎರಡೂ ಸೇರಿದ್ದವು. ಆದರೆ ಸಂಖ್ಯೆ ಹೆಚ್ಚಿದಷ್ಟು ವೇಗವಾಗಿ ಗುಣಮಟ್ಟ ಹೆಚ್ಚಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಮಹಾನಿರ್ದೇಶನಾಲಯ ಮೊದಲ ಬಾರಿಗೆ ತರಬೇತಿ ಸಂಸ್ಥೆಗಳಿಗೆ ಶ್ರೇಣಿ ನೀಡಿದಾಗ ಅತ್ಯುನ್ನತ ದರ್ಜೆಗೆ ಒಂದು ಸಂಸ್ಥೆಯೂ ಅರ್ಹವಾಗಲಿಲ್ಲ. ಅದಕ್ಕೂ ಹಿಂದೆ, 2011ರಲ್ಲಿ, ನಕಲಿ ಅಂಕಪಟ್ಟಿ ಮತ್ತು ಹಾರದೆಯೇ ದಾಖಲೆಯಲ್ಲಿ ಬರೆದ ಹಾರಾಟದ ಗಂಟೆಗಳ ಹಗರಣ ದೇಶವನ್ನು ಬೆಚ್ಚಿಬೀಳಿಸಿತ್ತು. ಅರವತ್ತು ಲಕ್ಷ ಸಾಲ ಮಾಡಿದ ವಿದ್ಯಾರ್ಥಿಗೆ ವಿಮಾನ ದುರಸ್ತಿಯಲ್ಲಿದೆ, ಹವಾಮಾನ ಸರಿಯಿಲ್ಲ, ತರಬೇತುದಾರರಿಲ್ಲ ಎಂಬ ಕಾರಣಗಳಿಂದ ತಿಂಗಳುಗಳು ಉರುಳಿದರೆ, ಅಡ್ಡದಾರಿಯ ಪ್ರಲೋಭನೆ ಹುಟ್ಟುವುದು ಅಸಹಜವಲ್ಲ. ಹಣದ ಒತ್ತಡ ಮತ್ತು ಸುರಕ್ಷತೆ ಬೇರೆ ಬೇರೆ ವಿಷಯಗಳಲ್ಲ.

ಪೈಲಟ್ ಎಂದರೆ ವಿಮಾನವನ್ನು ಏರಿಸಿ ಇಳಿಸಬಲ್ಲವನು ಎಂದಷ್ಟೇ ತಿಳಿದವರು ಮಂಗಳೂರಿನ ದುರಂತವನ್ನು ನೆನೆಯಬೇಕು. 2010ರ ಮೇ 22ರಂದು ಬಜ್ಪೆಯ ಗುಡ್ಡದ ಮೇಲಿನ ನಿಲ್ದಾಣದಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಂದಕಕ್ಕೆ ಉರುಳಿ 158 ಮಂದಿ ಸತ್ತರು. ಕ್ಯಾಪ್ಟನ್ ಹಾರಾಟದ ಬಹುಪಾಲು ನಿದ್ರೆಯಲ್ಲಿದ್ದದ್ದು ಧ್ವನಿಮುದ್ರಣದಿಂದ ಗೊತ್ತಾಯಿತು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವಂತೆ ಸಹ ಪೈಲಟ್ ಮತ್ತೆ ಮತ್ತೆ ಹೇಳಿದರೂ ಕ್ಯಾಪ್ಟನ್ ಕಿವಿಗೊಡಲಿಲ್ಲವೆಂದು ತನಿಖೆ ದಾಖಲಿಸಿತು. ಈ ಒಂದು ಪ್ರಕರಣ ಎರಡು ಪಾಠಗಳನ್ನು ಕಲಿಸುತ್ತದೆ. ವಿಶ್ರಾಂತಿಯ ನಿಯಮ ಪೈಲಟ್‌ಗಳ ಸುಖಕ್ಕಾಗಿ ಇರುವುದಲ್ಲ, ಹಿಂದೆ ಕುಳಿತವರ ಜೀವಕ್ಕಾಗಿ ಇರುವುದು. ಹಾಗೆಯೇ, ಹಿರಿಯನ ತಪ್ಪನ್ನು ಕಿರಿಯನು ತಡೆಯಬಲ್ಲ ಧೈರ್ಯವೂ ತರಬೇತಿಯ ಭಾಗವೇ. ಸಾಲದ ಹೊರೆ ಹೊತ್ತು, ಕೆಲಸ ಕಳೆದುಕೊಳ್ಳುವ ಭಯದಲ್ಲಿ ಕುಳಿತ ಯುವ ಸಹ ಪೈಲಟ್‌ಗೆ ಆ ಧೈರ್ಯ ಎಲ್ಲಿಂದ ಬರಬೇಕು?

ಭಾಷೆಯ ಪ್ರಶ್ನೆಯನ್ನೂ ಮರೆಯುವಂತಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷ್ ಇಲ್ಲಿ ಅಂತಸ್ತಿನ ವಿಷಯವಲ್ಲ, ಸುರಕ್ಷತೆಯ ವಿಷಯ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತಾಗ, ಒಂದು ವಿಮಾನದ ಸಿಬ್ಬಂದಿಗೆ ನಿಯಂತ್ರಣ ಕೇಂದ್ರದ ಇಂಗ್ಲಿಷ್ ಸರಿಯಾಗಿ ತಿಳಿಯದಿದ್ದುದೂ ಚರ್ಚೆಗೆ ಬಂದಿತ್ತು. ಅಂತರರಾಷ್ಟ್ರೀಯ ಹಾರಾಟಕ್ಕೆ ಆರು ಹಂತಗಳ ಭಾಷಾ ಮಾಪನದಲ್ಲಿ ಕನಿಷ್ಠ ನಾಲ್ಕನೆಯ ಹಂತ ಮುಟ್ಟಬೇಕೆಂಬ ನಿಯಮ ಆಮೇಲೆ ಜಾರಿಗೆ ಬಂದಿತು. ಸಮಾಧಾನದ ಸಂಗತಿಯೆಂದರೆ, ಅದು ಕೇಳುವುದು ಕಾನ್ವೆಂಟ್ ಉಚ್ಚಾರಣೆಯನ್ನಲ್ಲ. ಸ್ಪಷ್ಟವಾಗಿ ಹೇಳುವ, ತಪ್ಪಿಲ್ಲದೆ ಗ್ರಹಿಸುವ ಸಾಮರ್ಥ್ಯವನ್ನು. ಒಳ್ಳೆಯ ಶಿಕ್ಷಕರು ಸಿಕ್ಕರೆ ಸರ್ಕಾರಿ ಶಾಲೆಯ ಮಕ್ಕಳು ಇದನ್ನು ಖಂಡಿತ ಗಳಿಸಬಲ್ಲರು. ಗಣಿತಕ್ಕೂ ಇದೇ ಮಾತು ಅನ್ವಯಿಸುತ್ತದೆ. ಪಥ ನಿರ್ಣಯಕ್ಕೆ ಬೇಕಾದದ್ದು ಗಣಿತದ ಮಹಾಪ್ರತಿಭೆಯಲ್ಲ, ಕೋನ, ವೇಗ, ಕಾಲಗಳ ಲೆಕ್ಕವನ್ನು ತಪ್ಪದೆ, ತಡವಿಲ್ಲದೆ ಮಾಡುವ ಶಿಸ್ತು.

ಹಾಗಾದರೆ ಮಾಡಬೇಕಾದದ್ದೇನು? ಬೇರೆಡೆಯ ಉದಾಹರಣೆಗಳು ಕಣ್ಣ ಮುಂದಿವೆ. ಕೇರಳ ಸರ್ಕಾರ ಪರಿಶಿಷ್ಟ ಸಮುದಾಯಗಳ ವಿದ್ಯಾರ್ಥಿಗಳ ಪೈಲಟ್ ತರಬೇತಿಗೆ ನೆರವು ನೀಡುವ ‘ವಿಂಗ್ಸ್’ ಯೋಜನೆಯನ್ನು ತನ್ನದೇ ತರಬೇತಿ ಅಕಾಡೆಮಿಯ ಮೂಲಕ ನಡೆಸಿದೆ. 2023ರಲ್ಲಿ ಬ್ರಿಟಿಷ್ ಏರ್‌ವೇಸ್ ಆಯ್ದ ಅಭ್ಯರ್ಥಿಗಳ ತರಬೇತಿ ವೆಚ್ಚವನ್ನು ತಾನೇ ಭರಿಸುವ ಯೋಜನೆ ತಂದಿತು. ಬಡ ಕುಟುಂಬಗಳ ಯುವಕ ಯುವತಿಯರಿಗೆ ಕಾಕ್‌ಪಿಟ್ ಮುಚ್ಚಿಹೋಗಬಾರದು ಎಂಬುದು ಅದರ ಉದ್ದೇಶ. ದೇವನಹಳ್ಳಿಯ ಏರೋಸ್ಪೇಸ್ ಪಾರ್ಕಿನಲ್ಲಿ 2024ರ ಜನವರಿಯಲ್ಲಿ ಉದ್ಘಾಟನೆಯಾದ ಬೋಯಿಂಗ್ ಕೇಂದ್ರದ ಜತೆಗೆ ‘ಸುಕನ್ಯಾ’ ಕಾರ್ಯಕ್ರಮವೂ ಘೋಷಣೆಯಾಯಿತು. ಅದರಲ್ಲಿ ಪೈಲಟ್ ತರಬೇತಿ ಪಡೆಯುವ ಮಹಿಳೆಯರಿಗೆ ವಿದ್ಯಾರ್ಥಿವೇತನವೂ ಇದೆ. ತರಬೇತಿ ಸಂಸ್ಥೆಗಳ ಕೋರ್ಸ್‌ಗಳಿಗೆ ಜಿಎಸ್‌ಟಿ ಇಲ್ಲವೆಂದು 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಲಾಯಿತು. ಒಳ್ಳೆಯ ಹೆಜ್ಜೆಗಳೇ. ಆದರೆ ಇವು ಬಿಡಿ ಬಿಡಿ ಹೆಜ್ಜೆಗಳು.

ರಾಜ್ಯ ಸರ್ಕಾರ ಮೊದಲು ಮಾಡಬೇಕಾದದ್ದು ಜಕ್ಕೂರನ್ನು ನಿಜವಾದ ಅರ್ಥದಲ್ಲಿ ಬದುಕಿಸುವ ಕೆಲಸ. ಸಾಕಷ್ಟು ವಿಮಾನ, ಕಾಯಂ ತರಬೇತುದಾರರು, ನಿಗದಿತ ಶುಲ್ಕ, ನಿಗದಿತ ಅವಧಿ ಇವಿಷ್ಟೂ ಅಲ್ಲಿರಬೇಕು. ಬೆಂಗಳೂರು ವಿಮಾನ ನಿಲ್ದಾಣದ ಸಂಸ್ಥೆಯಲ್ಲಿ ರಾಜ್ಯಕ್ಕೆ ಶೇ 13ರಷ್ಟು ಪಾಲಿದೆ. ಅಲ್ಲಿಂದ ಬರುವ ಆದಾಯದ ಒಂದಂಶವನ್ನು ಸಾಲ ಖಾತರಿ ನಿಧಿಯಾಗಿಸಿ, ವೈದ್ಯಕೀಯ ಮತ್ತು ಲಿಖಿತ ಪರೀಕ್ಷೆಗಳಲ್ಲಿ ತೇರ್ಗಡೆಯಾದ ವಿದ್ಯಾರ್ಥಿಗಳಿಗೆ, ಅದರಲ್ಲೂ ನಿಲ್ದಾಣಕ್ಕೆ ಭೂಮಿ ಕೊಟ್ಟ ತಾಲೂಕಿನವರಿಗೆ, ಅಡಮಾನವಿಲ್ಲದ ಸಾಲ ಕೊಡಿಸುವುದು ಅಸಾಧ್ಯವೇನಲ್ಲ. ವಿಮಾನಯಾನ ಸಂಸ್ಥೆಗಳೂ ತಮಗೆ ಬೇಕಾದ ಪೈಲಟ್‌ಗಳ ತರಬೇತಿ ವೆಚ್ಚದ ಒಂದು ಪಾಲನ್ನು ಸೇವಾ ಕರಾರಿನ ಮೇಲೆ ಹೊರಬೇಕು. ಪ್ರತಿ ತರಬೇತಿ ಸಂಸ್ಥೆಯೂ ಇನ್ನೂರು ಗಂಟೆ ಮುಗಿಸಲು ವಿದ್ಯಾರ್ಥಿಗಳು ತೆಗೆದುಕೊಂಡ ಕಾಲವೆಷ್ಟು, ಅವರಲ್ಲಿ ಕೆಲಸ ಸಿಕ್ಕವರೆಷ್ಟು ಎಂಬುದನ್ನು ಪ್ರತಿವರ್ಷ ಬಹಿರಂಗಪಡಿಸುವಂತೆ ನಿಯಮ ಮಾಡಬೇಕು. ಕೋಟಿ ರೂಪಾಯಿಯ ವ್ಯವಹಾರಕ್ಕೆ ಕೈಹಾಕುವ ಹೆತ್ತವರಿಗೆ ಕನಿಷ್ಠ ಇಷ್ಟಾದರೂ ತಿಳಿಯುವ ಹಕ್ಕಿದೆ.

ಪೋಷಕರಿಗೂ ಒಂದು ಮಾತು. ಈ ದಾರಿಯಲ್ಲಿ ಕ್ರಮ ಮುಖ್ಯ. ಮೊದಲು ವೈದ್ಯಕೀಯ ಪರೀಕ್ಷೆ, ಆಮೇಲೆ ಲಿಖಿತ ಪರೀಕ್ಷೆಗಳು. ಇವೆರಡಕ್ಕೂ ಆಗುವ ಖರ್ಚು ಹಾರಾಟದ ಖರ್ಚಿನ ಮುಂದೆ ಅಲ್ಪ. ಇವೆರಡೂ ಮುಗಿದ ಮೇಲಷ್ಟೇ ಹಾರಾಟದ ಶುಲ್ಕ, ಅದೂ ಕಂತುಗಳಲ್ಲಿ. ವಾಯುಪಡೆಯ ಪರೀಕ್ಷೆಗಳನ್ನು ಎದುರಿಸಿ ಗೆದ್ದವರಿಗೆ ಹಾರುವುದನ್ನು ಸರ್ಕಾರವೇ ಕಲಿಸುತ್ತದೆ. ದುಡ್ಡಿಲ್ಲದವರಿಗೆ ಇಂದಿಗೂ ತೆರೆದಿರುವ ದೊಡ್ಡ ಬಾಗಿಲು ಅದು. ಆ ಬದುಕು ಬೇರೆ, ಅದರ ಕರ್ತವ್ಯ ಬೇರೆ ಎಂಬುದನ್ನು ಅರಿತೇ ಅದನ್ನು ಆರಿಸಿಕೊಳ್ಳಬೇಕು. ಹೇಗೇ ಇರಲಿ, ಜಾಹೀರಾತಿನ ‘ಕೊರತೆ’ಯನ್ನು ನಂಬಿ ಇರುವ ಒಂದೇ ಹೊಲವನ್ನು ಮಾರುವುದು ವಿವೇಕವಲ್ಲ.

2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡವೊಂದು ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಎಲ್ಲೂ ನಿಲ್ಲದೆ ಬಂದು ಇಳಿದದ್ದು ಇದೇ ದೇವನಹಳ್ಳಿಯಲ್ಲಿ. ದೇಶದ ಪೈಲಟ್‌ಗಳಲ್ಲಿ ಸುಮಾರು ಶೇ 15 ಮಹಿಳೆಯರೆಂದು ನಾವು ಹೆಮ್ಮೆಪಡುತ್ತೇವೆ. ಜಗತ್ತಿನ ಸರಾಸರಿಗಿಂತ ಅದು ಎಷ್ಟೋ ಹೆಚ್ಚು. ಲಿಂಗದ ಗೋಡೆಯನ್ನು ಇಷ್ಟರ ಮಟ್ಟಿಗೆ ದಾಟಿದ ದೇಶಕ್ಕೆ ಹಣದ ಗೋಡೆ ದಾಟಲಾಗದು ಎನ್ನುವಂತಿಲ್ಲ. ಚನ್ನರಾಯಪಟ್ಟಣ ಹೋಬಳಿಯ ರೈತರು ಏರೋಸ್ಪೇಸ್ ಪಾರ್ಕಿಗೆ 1,777 ಎಕರೆ ಬಿಟ್ಟುಕೊಡಲು ಒಪ್ಪದೆ ಮೂರು ವರ್ಷಕ್ಕೂ ಮಿಕ್ಕು ಹೋರಾಡಿದರು. 2025ರ ಜುಲೈನಲ್ಲಿ ಸರ್ಕಾರ ಆ ಭೂಸ್ವಾಧೀನವನ್ನು ಕೈಬಿಟ್ಟಿತು. ವಿಮಾನೋದ್ಯಮ ತಮ್ಮ ನೆಲದ ಮೇಲೆ ಬೆಳೆದರೂ ತಮ್ಮ ಮಕ್ಕಳ ಪಾಲಿಗೆ ಬರುವುದು ಕಾವಲುಗಾರಿಕೆ, ಚಾಲಕನ ಕೆಲಸ, ಸಾಮಾನು ಹೊರುವ ಕೆಲಸವಷ್ಟೇ ಎಂಬ ಅನುಮಾನ ಇಂಥ ಹಳ್ಳಿಗಳಲ್ಲಿ ಸಹಜ. ಅದನ್ನು ಭಾಷಣದಿಂದ ಹೋಗಲಾಡಿಸಲಾಗದು. ಹೊಲ ಮಾರದೆ ಪೈಲಟ್ ಆದ ಮೊದಲ ಹತ್ತು ಮಕ್ಕಳನ್ನು ಈ ತಾಲೂಕಿನಿಂದ ರೂಪಿಸಿ ತೋರಿಸುವುದೇ ಅದಕ್ಕೆ ಸರಿಯಾದ ಉತ್ತರ.